ಸ್ವಾಮಿಗೆ ಕೊಟ್ಟ ಗಳ

ನಾನು ಒಂದು ಗಳ. ದಿಂಡಿಗದ ಮರದ್ದು. ಉದ್ದ ಹನ್ನೆರಡು ಅಡಿ, ದಪ್ಪ ಒಬ್ಬ ಆಳಿನ ಮುಂಗೈಯಷ್ಟು. ನನ್ನ ಮೈಯಲ್ಲಿ ಎರಡು ಕಚ್ಚುಗಳಿವೆ. ಹಗ್ಗ ಜಾರದಿರಲೆಂದು ಕೆತ್ತಿದವು. ಆ ಕಚ್ಚುಗಳಿಗೆ ಕಂಬಳಿಯನ್ನು ತೊಟ್ಟಿಲಿನ ಹಾಗೆ ಬಿಗಿದು ಕಟ್ಟಿದರೆ ಡೋಲಿಯಾಗುತ್ತದೆ. ನಡೆಯಲಾರದವರನ್ನು ಅದರಲ್ಲಿ ಮಲಗಿಸಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟು ಬೆಟ್ಟ ಇಳಿಸುತ್ತಾರೆ. ದಣಿದಾಗ ಹೆಗಲು ಬದಲಿಸಲು ಇನ್ನಿಬ್ಬರು ಜೊತೆಯಲ್ಲಿ ನಡೆಯುತ್ತಾರೆ. ಭಗವಂತ ನನ್ನನ್ನು ಹುಟ್ಟಿಸಿದ್ದು ಈ ಕೆಲಸಕ್ಕೆ.

ನಾನು ಹುಟ್ಟಿದ ಸೀಮೆಗೆ ಎಡೆಮಲೆ ಎಂದು ಹೆಸರು. ನೆತ್ತಿಯ ಮೇಲೆ ಎಡೆಮಲೆ ಊರು. ರಾಗಿ, ಅವರೆ ಬೆಳೆಯುವ ನಲವತ್ತು ಮನೆ, ನಡುವೆ ಸ್ವಾಮಿಯ ಗುಡಿ. ಅದಕ್ಕಿಂತ ಒಂದು ಮೈಲಿ ಕೆಳಗೆ ಕುರಿಹಟ್ಟಿ. ಅಲ್ಲಿ ಕುರಿ ಕಾಯುವವರು, ಕಂಬಳಿ ನೇಯುವವರು. ಇನ್ನೂ ಎರಡು ಮೈಲಿ ಇಳಿದರೆ ಕಾಡಿನೊಳಗೆ ಸೋಲಿಗರ ಪೋಡು, ಗುಡಿಸಲುಗಳ ಹಾಡಿ. ಅಲ್ಲಿಂದ ಆರು ಮೈಲಿ ಇಳುಕಲು ದಾರಿ ಮುಗಿದ ಮೇಲೆ ಅಡಿಯೂರು. ಬಸ್ಸು ಬರುವುದು ಅಲ್ಲಿಗೆ, ಆಸ್ಪತ್ರೆ ಇರುವುದೂ ಅಲ್ಲೇ. ಮೇಲಿನ ಮೂರು ಊರಿಗೂ ದೇವರು ಒಬ್ಬನೇ, ದಾರಿ ಒಂದೇ. ಆದರೂ ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟುತ್ತಿರಲಿಲ್ಲ. ಎಲ್ಲರಿಗೂ ಸೇರಿದ ವಸ್ತು ಎಂದರೆ ನಾನೊಂದೇ. ನನ್ನನ್ನು ಕಡಿದವರು ಪೋಡಿನವರು. ಕಂಬಳಿ ಕುರಿಹಟ್ಟಿಯದು. ಕತ್ತಾಳೆಯ ಹಗ್ಗ ಹೊಸೆದವರು ಎಡೆಮಲೆಯವರು.

ಮಹಾರಾಜರ ಆಳ್ವಿಕೆ ಮುಗಿದು ಎರಡೋ ಮೂರೋ ವರ್ಷವಾಗಿತ್ತು. ಪೋಡಿನ ಯಜಮಾನ ಕಣಿವೆಯ ದಂಡೆಯಲ್ಲಿ ನನ್ನನ್ನು ಕಂಡ. ಕಡಿಯುವ ಮೊದಲು ನನ್ನ ಬುಡದಲ್ಲಿ ಒಂದು ಹಿಡಿ ರಾಗಿ ಚೆಲ್ಲಿ, "ತಪ್ಪಾಯ್ತು ತಾಯಿ, ಜನಕ್ಕ ಬೇಕು" ಎಂದು ಕೈಮುಗಿದ. ಒಂದು ವರ್ಷ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದೆ. ಆಮೇಲೆ ಹೊಂಗೆ ಎಣ್ಣೆ ತಿಕ್ಕಿದರು. ಹಸಿ ಮರ ಭಾರ, ಬಾಗುತ್ತದೆ. ಹದವಾದ ದಿಂಡಿಗ ಬಾಗುವುದಿಲ್ಲ, ಮುರಿಯುವುದಿಲ್ಲ.

ಜನರ ಮುಖ ನನಗೆ ಗೊತ್ತಿಲ್ಲ. ನಾನು ಅವರನ್ನು ಹೆಗಲಿನಿಂದ ಬಲ್ಲೆ. ಎರಡು ಹೆಗಲುಗಳು ನನಗೆ ಚೆನ್ನಾಗಿ ಪರಿಚಯ. ಒಂದು, ಪೋಡಿನ ಯಜಮಾನನ ಮಗ ಬೇದೇಗೌಡನದು. ಇನ್ನೊಂದು, ಗುಡಿಯ ಪೂಜಾರಿಯ ಮಗ ಗುರುಮಲ್ಲಪ್ಪನದು. ಇಬ್ಬರಿಗೂ ಆಗ ಇಪ್ಪತ್ತರ ವಯಸ್ಸು. ಇಬ್ಬರ ಹೆಗಲೂ ಒಂದೇ ಎತ್ತರ. ಗಳ ಹೊರಲು ಅಂಥ ಜೋಡಿಯೇ ಬೇಕು. ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟದವರು ನನ್ನ ಕೆಳಗೆ ಅಣ್ಣತಮ್ಮಂದಿರಂತೆ ನಡೆಯುತ್ತಿದ್ದರು.

"ಲೋ ಬೇದ, ವಸಿ ಮೆಲ್ಲಗ ನಡಿಯೋ. ನಾನೇನ್ ಕಡವೆ ಅಲ್ಲ ಕನ" ಎಂದು ಗುರುಮಲ್ಲಪ್ಪ ಹಿಂದಿನಿಂದ ಕೂಗುವನು.

"ನಿಮ್ದು ತುಪ್ಪ ಉಂಡ ಮೈಯಿ ಬುದ್ದಿ, ಜಾರ್ತದ. ನಂದು ರಾಗಿಹಿಟ್ಟಿನ ಮೈಯಿ, ಕಲ್ಲಿಗ ಅಂಟ್ಕತದ" ಎಂದು ಬೇದೇಗೌಡ ಮುಂದಿನಿಂದ ಹೇಳುವನು.

ಒಮ್ಮೆ ಡೋಲಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಕುರಿಹಟ್ಟಿಯ ಮುದುಕಿ ಕಂಬಳಿಯೊಳಗಿಂದಲೇ ಕೇಳಿದಳು: "ಏನ್ರಪ್ಪ, ನನ್ನ ಆಸ್ಪತ್ರಗ ಹೊತ್ಕಂಡು ಹೋಯ್ತಿದ್ದರ, ಇಲ್ಲ ಮದ್ವಗ ಹೋಯ್ತಿದ್ದರ?"

ಹಾವು ಕಡಿದವರನ್ನು ಹೊತ್ತೆ. ಆನೆ ತುಳಿದವನನ್ನು ಹೊತ್ತೆ. ಬಸುರಿಯರನ್ನು ಹೊತ್ತೆ. ಕೆಲವರು ತಮ್ಮ ಕಾಲಿನಲ್ಲೇ ಬೆಟ್ಟ ಹತ್ತಿ ಹಿಂದಿರುಗಿದರು. ಕೆಲವರು ಹಿಂದಿರುಗಲಿಲ್ಲ. ಹತ್ತು ವರ್ಷ ಹೀಗೆ ನಡೆಯಿತು. ಅವು ನನ್ನ ಒಳ್ಳೆಯ ವರ್ಷಗಳು.

ಅಷ್ಟರಲ್ಲಿ ಗುರುಮಲ್ಲಪ್ಪ ತಂದೆಯ ನಂತರ ಗುಡಿಯ ಪೂಜಾರಿಯಾಗಿದ್ದ. ಅವನ ಹೆಂಡತಿ ಚೆನ್ನಾಜಮ್ಮನಿಗೆ ಹೆರಿಗೆಯ ನೋವು ಎದ್ದು ಎರಡು ದಿನವಾದರೂ ಕೂಸು ಬರಲಿಲ್ಲ. ಮೂರನೆಯ ಬೆಳಿಗ್ಗೆ ಅವಳನ್ನು ಕಂಬಳಿಯಲ್ಲಿ ಮಲಗಿಸಿ ನನಗೆ ಕಟ್ಟಿದರು. ಜಡಿಮಳೆ. ಮುಂದೆ ಬೇದೇಗೌಡ, ಹಿಂದೆ ಗುರುಮಲ್ಲಪ್ಪ. ಪೋಡು ದಾಟಿದ ಮೇಲೆ ಕೋಡುಗಲ್ಲಿನ ಇಳುಕಲು ಬರುತ್ತದೆ. ಆ ದಾರಿಯಲ್ಲೇ ಅತಿ ಕಡಿದಾದ ಜಾಗ ಅದು. ಅಲ್ಲಿ ಚೆನ್ನಾಜಮ್ಮನ ನರಳಾಟ ನಿಂತುಹೋಯಿತು. ಗುರುಮಲ್ಲಪ್ಪನ ಹೆಗಲು ನಡುಗಿದ್ದು ನನಗೆ ತಿಳಿಯಿತು.

"ಸ್ವಾಮೀ, ಇವಳ ಉಳಸು" ಎಂದು ಅವನು ಮಳೆಯಲ್ಲಿ ಕೂಗಿದ. "ಇವಳ ಹೊತ್ತಿರೊ ಈ ಗಳ ನಿಂಗೇ ಕೊಟ್ಟಿವ್ನಿ. ಇನ್ ಮ್ಯಾಲ ನಿನ್ನ ಬುಟ್ಟು ಯಾರ್ನೂ ಹೊರಲ್ಲ ಇದು."

ಮುಂದಿನ ಹೆಗಲು ತಟ್ಟನೆ ನಿಂತಿತು. "ಬುದ್ದಿ, ಬ್ಯಾರೆ ಏನಾರ ಹರಕ ಹೊತ್ಕಳಿ. ಗಳ ನಿಮ್ಮೊಬ್ಬರದಲ್ಲ."

"ಬಾಯಿಂದ ಬಂದೋಯ್ತು ಕನ ಬೇದ. ನಡಿ."

ಚೆನ್ನಾಜಮ್ಮ ಉಳಿದಳು. ಗಂಡು ಕೂಸೂ ಉಳಿಯಿತು. ಸ್ವಾಮಿಯ ಕೃಪೆ ದೊಡ್ಡದು. ಅದರಲ್ಲಿ ನನಗೆ ಸಂಶಯವಿಲ್ಲ.

ಹದಿನೈದು ದಿನದ ಮೇಲೆ ಗುಡಿಯ ಮುಂದೆ ಮೂರೂ ಊರಿನವರು ಸೇರಿದರು. ಎಡೆಮಲೆಯವರು ಜಗಲಿಯ ಮೇಲೆ, ಕುರಿಹಟ್ಟಿಯವರು ಮೆಟ್ಟಿಲ ಬಳಿ, ಪೋಡಿನವರು ಹುಣಸೆಮರದ ಕೆಳಗೆ. ಗುರುಮಲ್ಲಪ್ಪ ತನ್ನ ಹರಕೆಯನ್ನು ಹೇಳಿದ. ಸ್ವಾಮಿಯ ಉತ್ಸವಮೂರ್ತಿಯನ್ನು ಹೊರುವ ಅಡ್ಡೆಗೆ ಈ ಗಳವನ್ನೇ ಹಾಕಬೇಕೆಂದ.

ಕುರಿಹಟ್ಟಿಯ ಹಾಲಪ್ಪ ನಗೆಯ ಮನುಷ್ಯ. ಅವನು ಗಂಟಲು ಸರಿಮಾಡಿಕೊಂಡ. "ಅಲ್ಲ ಪೂಜಾರಪ್ಪ, ಸ್ವಾಮಿಗ ಏನ್ ಕಮ್ಮಿ? ಅಂವ ಎದ್ದು ನಡದ್ರ ಈ ಬೆಟ್ಟ ಮೂರೇ ಹೆಜ್ಜ. ಒಂಬತ್ ಮೈಲಿ ಇರೋದು ನಮ್ಗ."

ಜನ ನಕ್ಕರು. ಆದರೆ ದೇವರಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. "ಬಿದಿರು ಬೇಕಾದಂಗದ, ಜನಕ್ಕ ಅದೇ ಸಾಕು" ಎಂದರು ಎಡೆಮಲೆಯ ಹಿರಿಯರು. ಬೇದೇಗೌಡ ಮಾತ್ರ ಮರದ ಕೆಳಗಿನಿಂದ ಅಂದ: "ಕಾಡೆಲ್ಲ ಸ್ವಾಮೀದೆ ಬುದ್ದಿ. ಅಂವಂಗ ಇನ್ನೊಂದು ಗಳ ನಾನೇ ಕಡ್ಕೊಡ್ತಿನಿ. ಇದ ಬುಡಿ."

"ಯೋಳ್ದದ್ದು ಇದನ್ನ" ಎಂದ ಗುರುಮಲ್ಲಪ್ಪ.

ನನ್ನ ಕೊನೆಗಳಿಗೆ ಬೆಳ್ಳಿಯ ಕುಪ್ಪಿಗೆ ತೊಡಿಸಿದರು. ಕಚ್ಚುಗಳ ಮೇಲೆ ಹಿತ್ತಾಳೆಯ ತಗಡು ಬಂತು. ಗರ್ಭಗುಡಿಯ ಪಕ್ಕದ ಕತ್ತಲೆ ಕೋಣೆಯಲ್ಲಿ ಎರಡು ಗೂಟಗಳ ಮೇಲೆ ನನ್ನನ್ನು ಮಲಗಿಸಿದರು. ವರ್ಷಕ್ಕೆ ಮೂರು ದಿನ ಸ್ವಾಮಿ ನನ್ನ ಮೇಲೆ ಕುಳಿತು ಊರು ಸುತ್ತುವನು. ಆ ದಿನಗಳಲ್ಲಿ ಪೋಡಿನವರು ನನ್ನನ್ನು ಮುಟ್ಟುವ ಹಾಗಿರಲಿಲ್ಲ. ನನ್ನನ್ನು ಅಟ್ಟದಲ್ಲಿಟ್ಟು ಹದ ಮಾಡಿದವರು ದೂರದಲ್ಲಿ ನಿಂತು ಕೈಮುಗಿಯುತ್ತಿದ್ದರು. ಸ್ವಾಮಿ ಹಗುರ. ಎಷ್ಟು ಹಗುರ ಎಂದರೆ, ಉಳಿದ ದಿನಗಳಲ್ಲಿ ನನ್ನ ಮೈ ತನ್ನ ಶಕ್ತಿಯನ್ನೇ ಮರೆಯತೊಡಗಿತು.

ಇಪ್ಪತ್ತು ವರ್ಷ ಆ ಕೋಣೆಯಲ್ಲಿದ್ದೆ. ಗುಡಿಯ ಪಕ್ಕದಲ್ಲೇ ದಾರಿ. ಎಡೆಮಲೆಯಿಂದ ಯಾರನ್ನಾದರೂ ಡೋಲಿಯಲ್ಲಿ ಒಯ್ಯುವಾಗ ಬಿದಿರಿನ ಕಿರಗುಟ್ಟುವಿಕೆ ಗೋಡೆಯ ಮೂಲಕ ನನಗೆ ಕೇಳಿಸುತ್ತಿತ್ತು. ಬಿದಿರು ಎಳೆಯದಾಗಿದ್ದಾಗ ಒಳ್ಳೆಯದೇ, ಸುಳ್ಳು ಹೇಳಬಾರದು. ವರ್ಷಕ್ಕೊಂದು ಹೊಸದು ಕಡಿಯುತ್ತಿದ್ದರು, ಕೆಲಸ ನಡೆಯುತ್ತಿತ್ತು. ಗುರುಮಲ್ಲಪ್ಪನಿಗೂ ನಾನು ಇರುವುದು ಸರಿಯಾದ ಜಾಗದಲ್ಲಿ ಎಂಬ ನೆಮ್ಮದಿ ಇತ್ತು. ಪ್ರತಿದಿನ ನನಗೆ ವಿಭೂತಿ ಹಚ್ಚುವಾಗ ಹೆಂಡತಿಯ ಹೆಸರು, ಮಗನ ಹೆಸರು ಹೇಳುತ್ತಿದ್ದ.

ಆಮೇಲೆ ಬಿದಿರು ಹೂ ಬಿಟ್ಟಿತು.

ಒಂದು ತಲೆಮಾರಿಗೆ ಒಮ್ಮೆ ಹಾಗಾಗುತ್ತದೆ. ಕಾಡಿನ ಬಿದಿರೆಲ್ಲ ಒಟ್ಟಿಗೆ ಹೂವಾಗಿ, ಅಕ್ಕಿಯಾಗಿ, ಒಟ್ಟಿಗೆ ಸಾಯುತ್ತದೆ. ಜನ ಮೊರದಲ್ಲಿ ಬಿದಿರಕ್ಕಿ ತುಂಬಿಕೊಂಡರು, ಗಂಜಿ ಮಾಡಿ ಉಂಡರು. ಮುಂದಿನ ವರ್ಷ ಕಾಡಿನ ತುಂಬ ಬೂದಿ ಬಣ್ಣದ ಒಣ ಬಿದಿರು ಮೆಳೆಗಳು ನಿಂತವು. ಹತ್ತಿದ ಮಂಗದ ಭಾರಕ್ಕೂ ಸಿಡಿಯುತ್ತಿದ್ದವು.

ಆ ವರ್ಷ ಒಂದು ಬೆಳಿಗ್ಗೆ, ಗುರುಮಲ್ಲಪ್ಪ ಪೂಜೆಗೆ ನೀರು ತಂದು ಬಾಗಿಲು ತೆರೆಯುತ್ತಿದ್ದಾಗ, ಮೆಟ್ಟಿಲ ಕೆಳಗೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಬೇದೇಗೌಡ. ಪೋಡಿನಿಂದ ಮೂರು ಮೈಲಿ ಏರು ಹತ್ತಿ ಬಂದಿದ್ದ.

"ಬುದ್ದಿ, ನಮ್ಮ ಕುನ್ನಯ್ಯನ ಹೆಂಡ್ತಿ ಕೇತಮ್ಮಂಗ ನೆನ್ನ ಸಂದಿಂದ ಬ್ಯಾನ. ಕೂಸು ಅಡ್ಡ ತಿರಿಕಂಡದ ಅಂತಳ ಸೂಲಗಿತ್ತಿ. ಗಳ ಕೊಡಿ. ಬೈಗಿಗ ತಂದ್ ಮಡಗ್ತಿನಿ."

ಗುರುಮಲ್ಲಪ್ಪ ಬಿಂದಿಗೆ ಇಳಿಸಲಿಲ್ಲ. "ಬಿದಿರು?"

"ಬಿದಿರು ಎಲ್ಲದ ಬುದ್ದಿ? ಮುಟ್ಟಿದ್ರ ಪುಡಿ ಆಯ್ತದ."

"ಬೇದ, ಅದು ಕೊಟ್ಬುಟ್ಟಿರೊ ವಸ್ತು ಕನ. ನಾ ಕೊಟ್ಟದ್ದ ಹಿಂದಕ್ ತಕ್ಕಂಡ್ರ, ಅಂವ ಕೊಟ್ಟದ್ದ ಅಂವ ಹಿಂದಕ್ ತಕ್ಕತನ." ಹಾಗೆನ್ನುವಾಗ ಅವನ ದನಿ ಮನೆಯ ಕಡೆಗೆ ತಿರುಗಿತ್ತು. ಅಲ್ಲಿ ಅವನ ಮಗ ಎತ್ತುಗಳಿಗೆ ನೀರು ಕುಡಿಸುವ ಸದ್ದು ಬರುತ್ತಿತ್ತು.

"ಸ್ವಾಮಿ ಅಂಥೋನ ಬುದ್ದಿ?" ಎಂದ ಬೇದೇಗೌಡ.

ಚೆನ್ನಾಜಮ್ಮ ಅಂಗಳದಿಂದ ಓಡಿ ಬಂದಳು. "ಏನ್ ನಿಂತ್ಕಂಡ್ರಿ? ಕೊಡಿ ಅತ್ತ. ಅವತ್ತು ನನ್ನ ಹೊತ್ತೋರು ಅವರಲ್ವ? ನನಗ ಆಗದು ಆಗ್ಲಿ."

"ನೀ ಒಳಕ್ ನಡಿ."

"ನಾ ಒಳಕ್ ಹೋದ್ರ ಅವಳ ನೋವು ನಿಂತದ?"

ಅಷ್ಟರಲ್ಲಿ ಬೇದೇಗೌಡನ ಮಗ ಕುನ್ನಯ್ಯ ದಾರಿಯ ತಿರುವಿನಿಂದ ಕೂಗಿದ: "ಅಪ್ಪಾ, ಅಲ್ ನಿಂತ್ಕಂಡು ಏನ್ ಮಾತು? ಅಟ್ಟದ ಮ್ಯಾಲಿಂದು ಹಳೇ ಬಿದಿರು ಇಳಸಿವ್ನಿ, ಬಾ. ಅವಳು ತಡಿಯಲ್ಲ."

ಇಬ್ಬರ ಕಾಲಸದ್ದೂ ಇಳುಕಲಿನಲ್ಲಿ ದೂರವಾಯಿತು. ಗುರುಮಲ್ಲಪ್ಪ ನಾಲ್ಕು ಹೆಜ್ಜೆ ಓಡಿದ. "ತಡೀರಪ್ಪೋ! ಆಳ್ ಕಳಿಸಿ ದಿಂಡಿಗ ಕಡಸ್ತಿನಿ, ಮಧ್ಯಾಹ್ನದೊಳಗ..." ಯಾರಿಗೂ ಕೇಳಿಸಲಿಲ್ಲ. ಅವನು ಹಿಂದಿರುಗಿ ಬಂದು, ಬಾಗಿಲು ಹಾಕಿಕೊಂಡು, ಕೇತಮ್ಮನ ಹೆಸರಿನಲ್ಲಿ ಅಭಿಷೇಕ ಮಾಡಿದ. ಅವಳಿಗಾಗಿ ಅತ್ತ. ಅದು ನಾಟಕವಲ್ಲ, ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ನನ್ನಂಥ ಗಟ್ಟಿ ಮರ ಬಾಗಿಲ ಒಳಗೆ, ಅವಳಂಥ ಭಾರದ ಜೀವ ಬಾಗಿಲ ಹೊರಗೆ. ನಡುವೆ ಒಬ್ಬ ಒಳ್ಳೆಯ ಮನುಷ್ಯನ ಭಯ.

ಸಂಜೆ ಹಾಲಪ್ಪ ಬಂದ. ಅವನು ಡೋಲಿಯ ಜೊತೆ ಹೆಗಲು ಬದಲಿಸಲು ಹೋಗಿದ್ದವನು. ಆ ದಿನ ಅವನಲ್ಲಿ ನಗೆ ಇರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಹೇಳಿದ.

"ಕೋಡುಗಲ್ಲಿನಲ್ಲಿ ಮುರೀತು ಪೂಜಾರಪ್ಪ. ಕುನ್ನಯ್ಯ ಮುಂದಿದ್ದ, ಬೇದಣ್ಣ ಹಿಂದ. ನಡೂಮಧ್ಯಕ್ಕ ಚಟ್ ಅಂತು. ಕಂಬಳಿ ಸಮೇತ ಬಂಡ ಮ್ಯಾಲ ಉಳ್ಳಿ ಬಿದ್ದಳು. ವಸಿ ಹೊತ್ತು ಇದ್ದಳು. ನೀರು ಕೇಳಿದಳು, ಕುಡಿಸಿದೊ. ಕೂಸೂ ಇಲ್ಲ, ತಾಯೂ ಇಲ್ಲ. ಕುನ್ನಯ್ಯ ಅವಳನ್ನ ತೋಳಲ್ಲೇ ಎತ್ಕಂಡು ಪೋಡಿಗ ಬಂದ. ಯಾರ್ ಕೈಲೂ ಮುಟ್ಟಿಸನಿಲ್ಲ."

ಆ ರಾತ್ರಿಯ ಮಂಗಳಾರತಿ ಆಗಲಿಲ್ಲ.

ಮೂರು ದಿನದ ಮೇಲೆ ಅವನು ಕೋಣೆಗೆ ಬಂದು ಬೆಳ್ಳಿಯ ಕುಪ್ಪಿಗೆ ಕಿತ್ತ, ಹಿತ್ತಾಳೆಯ ತಗಡು ಕಿತ್ತ, ನನ್ನನ್ನು ಹೆಗಲ ಮೇಲಿಟ್ಟುಕೊಂಡು ಪೋಡಿಗೆ ಇಳಿದ. ಇಪ್ಪತ್ತು ವರ್ಷದ ಮೇಲೆ ಆ ಹೆಗಲು ಮತ್ತೆ ನನಗೆ ಸಿಕ್ಕಿತು. ಬೇದೇಗೌಡ ಗುಡಿಸಲ ಮುಂದೆ ಕುಳಿತಿದ್ದ. ಎದ್ದು ನಿಲ್ಲಲಿಲ್ಲ.

"ಈಗ್ಯಾಕ ಬುದ್ದಿ? ತಕ್ಕಂಡೋಗಿ. ನಿಮ್ ಸ್ವಾಮಿಗ ಕಾಲ್ ನೋಯ್ತದ."

ಗುರುಮಲ್ಲಪ್ಪ ನನ್ನನ್ನು ಪೋಡಿನ ಅಂಚಿನಲ್ಲಿ ಒಂದು ಮರಕ್ಕೆ ಒರಗಿಸಿ ಹೋದ. ಎಂಟು ದಿನ ಅಲ್ಲಿದ್ದೆ. ಪೋಡಿನ ಮಕ್ಕಳೂ ನನ್ನನ್ನು ಮುಟ್ಟಲಿಲ್ಲ. ಒಂಬತ್ತನೆಯ ದಿನ ಅವನೇ ಬಂದು ಎತ್ತಿಕೊಂಡ. ಗುಡಿಗೆ ಒಯ್ದರೆ ಎಡೆಮಲೆಯವರು ಅಡ್ಡ ನಿಂತರು. ಪೋಡಿನಲ್ಲಿ ಬಿದ್ದಿದ್ದ ಗಳ ಇನ್ನು ಅಡ್ಡೆಗೆ ಆಗದು ಎಂದರು. ಪೂಜೆಯನ್ನೂ ಅವನಿಂದ ಬಿಡಿಸಿ ಮಗನಿಗೆ ವಹಿಸಿದರು. ಹೀಗೆ ನಾನು ದೇವರಿಗೂ ಇಲ್ಲದೆ, ಜನಕ್ಕೂ ಇಲ್ಲದೆ, ಗುರುಮಲ್ಲಪ್ಪನ ದನದ ಕೊಟ್ಟಿಗೆಯ ಗೋಡೆಗೆ ಒರಗಿದೆ.

ಚೆನ್ನಾಜಮ್ಮ ಗಂಡನೊಡನೆ ಜಗಳವಾಡಲಿಲ್ಲ. ಆದರೆ ಆ ದಿನದಿಂದ ಅವಳು ಗುಡಿಯ ಹೊಸ್ತಿಲು ದಾಟಲಿಲ್ಲ. ಅಂಗಳದಿಂದಲೇ ಕೈಮುಗಿದು ಬರುವಳು. ಆರು ವರ್ಷದ ಮೇಲೆ ಜ್ವರದಲ್ಲಿ ತೀರಿಕೊಂಡಳು. ಸ್ವಾಮಿ ಹಿಂದಕ್ಕೆ ತೆಗೆದುಕೊಳ್ಳುವಾಗ ಹರಕೆಯ ಮಾತು ನೋಡಲಿಲ್ಲ. ಅವಳ ಹೆಣ ಹೋದ ಮೇಲೆ ಗುರುಮಲ್ಲಪ್ಪ ಕೊಟ್ಟಿಗೆಗೆ ಬಂದು ನನ್ನ ಎದುರು ಬಹಳ ಹೊತ್ತು ಕುಳಿತಿದ್ದ.

ಸೀಮೆಯೂ ಕರಗಿತು. ಕಾಡಿನಲ್ಲಿ ಕುರಿ ಮೇಯಿಸಬಾರದೆಂದು ಅಪ್ಪಣೆಯಾಯಿತು. ಕುರಿಹಟ್ಟಿಯವರು ಕುರಿ ಮಾರಿ ಎಲ್ಲೆಲ್ಲಿಗೋ ಹೋದರು. ಮಗ್ಗದ ಗುಂಡಿಗಳಲ್ಲಿ ಮುಳ್ಳು ಬೆಳೆಯಿತು. ಹುಲಿಗೆ ಜಾಗ ಬೇಕೆಂದು ಪೋಡನ್ನು ಎಬ್ಬಿಸಿದರು. ಅಡಿಯೂರಿನ ಹೊರಗೆ ಸಾಲಾಗಿ ಶೀಟಿನ ಮನೆ ಕಟ್ಟಿಕೊಟ್ಟು ಅದಕ್ಕೆ ಕಾಲೋನಿ ಎಂದು ಹೆಸರಿಟ್ಟರು. ಜೇನು ಕೀಳುತ್ತಿದ್ದವರು ಅಲ್ಲಿ ಇಟ್ಟಿಗೆ ಹೊತ್ತರು.

ಕೇತಮ್ಮ ಸತ್ತು ಹದಿನಾರು ವರ್ಷವಾಗಿತ್ತು. ಒಂದು ಮುಂಜಾನೆ ಅಡಿಯೂರಿನಿಂದ ಬಂದ ಯಾರೋ ಅಂಗಳದಲ್ಲಿ ನಿಂತು ಹೇಳಿದರು: ಬೇದೇಗೌಡ ಹೋದ. ತನ್ನವರ ಗೋರಿಗಳಿರುವ ಹಳೆಯ ಪೋಡಿಗೇ ಒಯ್ಯಬೇಕೆಂದು ಹೇಳಿ ಸತ್ತಿದ್ದಾನೆ. ಹೊರಲು ಗಟ್ಟಿ ಬಿದಿರಿಲ್ಲ. ಕಾಡಿನದು ಕಡಿಯಲು ಅಪ್ಪಣೆಯಿಲ್ಲ, ಕಾಲೋನಿಯ ಅಂಚಿನಲ್ಲಿ ಹುಟ್ಟಿದ ಬಿದಿರು ಇನ್ನೂ ತೆಳುವು. ಎರಡು ಸೇರಿಸಿ ಕಟ್ಟುತ್ತಿದ್ದಾರೆ.

ಗುರುಮಲ್ಲಪ್ಪನಿಗೆ ಆಗ ಎಪ್ಪತ್ತರ ಹತ್ತಿರ. ಮಗ "ಬ್ಯಾಡ ಅಪ್ಪ, ನಿಮ್ ಮಂಡಿ ನಡಿಯಲ್ಲ" ಎಂದ. ಅವನು ನನ್ನನ್ನು ಎತ್ತಿ ಹೆಗಲಿಗಿಟ್ಟ. ಮೂಳೆ ನನ್ನ ಮೈಗೆ ತಾಗಿತು, ಮಾಂಸವೇ ಇರಲಿಲ್ಲ. ಒಂಬತ್ತು ಮೈಲಿ ಒಬ್ಬನೇ ಇಳಿದ. ಕೋಡುಗಲ್ಲಿನಲ್ಲಿ ಕುಳಿತು, ಕೈಯೂರಿ, ಜಾರಿಕೊಂಡು ಇಳಿದ.

ಕಾಲೋನಿ ಮುಗಿದು ಕಾಡಿನ ದಾರಿ ಹಿಡಿಯುವಲ್ಲಿ ಹೆಣ ಎದುರಾಯಿತು. ಮುಂದೆ ಕುನ್ನಯ್ಯ. ಹದಿನಾರು ವರ್ಷದಿಂದ ಅವನು ಗುರುಮಲ್ಲಪ್ಪನೊಡನೆ ಮಾತಾಡಿರಲಿಲ್ಲ. ಜೋಡಿಸಿ ಕಟ್ಟಿದ ಬಿದಿರು ಆಗಲೇ ಬಾಗಿತ್ತು. ಗುರುಮಲ್ಲಪ್ಪ ದಾರಿಯ ನಡುವೆ ನಿಂತು ನನ್ನನ್ನು ಎರಡು ಕೈಯಲ್ಲಿ ಮುಂದೆ ಚಾಚಿದ.

ಕುನ್ನಯ್ಯ ನನ್ನನ್ನೇ ನೋಡಿದ. "ಆವತ್ತು ತಂದಿದ್ರ" ಎಂದ. ಆಮೇಲೆ, "ಹೆಣ ಹೊತ್ತ ಗಳ ಹಿಂದಕ್ ತರದಿಲ್ಲ ನಾವು. ಗೋರಿ ಹತ್ರಾನೇ ಬುಡೋದು" ಎಂದ.

"ಗೊತ್ತು ಕನಪ್ಪ."

ಬಿದಿರು ಬಿಚ್ಚಿ ನನ್ನನ್ನು ಕಟ್ಟಿದರು. ಗುರುಮಲ್ಲಪ್ಪ ಹಿಂಬದಿಗೆ ಹೆಗಲು ಕೊಡಲು ಬಂದ. ಕುನ್ನಯ್ಯ ತಿರುಗಿಯೂ ನೋಡದೆ, "ಅವ್ರಿಗ ಬ್ಯಾಡ" ಎಂದ. ಬೇರೆ ಯಾರೋ ಹಿಡಿದರು.

ಅಂದು ನಾನು ಬೇದೇಗೌಡನನ್ನು ಹೊತ್ತೆ. ಅವನ ಭಾರ ನನಗೆ ಹೊಸದಾಗಿತ್ತು. ಅಲ್ಲಿಯವರೆಗೆ ಅವನೇ ನನ್ನನ್ನು ಹೊರುತ್ತಿದ್ದ. ಆರು ಮೈಲಿ ಏರು. ದಾರಿಯಲ್ಲಿ ಹೆಗಲು ಬದಲಾದಾಗಲೆಲ್ಲ ಹಿಂದಿನಿಂದ ಬರುತ್ತಿದ್ದ ಮುದುಕನ ಕಾಲಸದ್ದು ಹತ್ತಿರ ಬರುವುದು, ನಿಲ್ಲುವುದು. ಯಾರೂ ಕರೆಯಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಹಳೆಯ ಪೋಡಿನ ಗೋರಿಗಳ ನಡುವೆ ಗುಂಡಿ ತೋಡಿದರು. ಕೇತಮ್ಮನ ಕಲ್ಲಿನ ಪಕ್ಕದಲ್ಲೇ. ಮಣ್ಣು ಮುಚ್ಚಿದರು, ಕಲ್ಲು ನಿಲ್ಲಿಸಿದರು, ನನ್ನನ್ನು ಪಕ್ಕದಲ್ಲಿ ಮಲಗಿಸಿದರು. ಹೊತ್ತು ಇಳಿಯುತ್ತಿತ್ತು. ಎಲ್ಲರೂ ಹೊರಟರು. ಗುರುಮಲ್ಲಪ್ಪ ಏಳಲು ಹೋದ, ಆಗಲಿಲ್ಲ. ಇನ್ನೊಮ್ಮೆ ಹೋದ, ಮಂಡಿ ಕುಸಿಯಿತು. ಯಾರನ್ನೂ ಕೂಗಲಿಲ್ಲ. ಕಲ್ಲಿಗೆ ಒರಗಿ ಕಣ್ಣು ಮುಚ್ಚಿ ಸ್ವಾಮಿಯ ನಾಮ ಹೇಳತೊಡಗಿದ.

ಸ್ವಲ್ಪ ಹೊತ್ತಿಗೆ ಒಬ್ಬನ ಹೆಜ್ಜೆ ಹಿಂದಿರುಗಿ ಬಂತು. ಕುನ್ನಯ್ಯ. ಅವನು ಮುದುಕನ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಿನಲ್ಲಿ ಕುಳಿತ.

"ಹತ್ತಿ."

"ಬ್ಯಾಡ ಕನಪ್ಪ. ನನ್ನ ಇಲ್ಲೇ ಬುಟ್ಟೋಗು."

"ಬುಟ್ಟೋಗದು ನನಗ ಬರಲ್ಲ. ಹತ್ತಿ ಅಂದ್ರ. ಆನೆ ನೀರಿಗ ಇಳಿಯೊ ಹೊತ್ತು."

ಗುರುಮಲ್ಲಪ್ಪ ಅವನ ಬೆನ್ನಿಗೆ ಬಿದ್ದ. ಕುನ್ನಯ್ಯ ಎದ್ದು ನಿಂತ. ಎರಡು ಹೆಜ್ಜೆ ನಡೆದಾಗ ಮುದುಕ ಅಳುವ ಸದ್ದು ಬಂತು. "ಕುನ್ನಯ್ಯ, ಆ ಕೇತಮ್ಮಂಗ ನಾನು..."

"ಅವಳ ಹೆಸರು ನಿಮ್ ಬಾಯಲ್ಲಿ ಬ್ಯಾಡ." ಅವನು ನಿಂತ. "ಕುತ್ಗ ಬುಟ್ಟು ಹೆಗಲ್ ಹಿಡ್ಕಳಿ. ಉಸ್ರು ಕಟ್ತದ."

ಅವರು ಹೋದರು. ಮೇಲಿನ ಎಡೆಮಲೆಗೋ, ಕೆಳಗಿನ ಕಾಲೋನಿಗೋ, ನಾನು ಕಾಣೆ. ಅದನ್ನು ಕ್ಷಮೆ ಎನ್ನಬೇಕೋ, ಇಳಿಸಲಾಗದ ಇನ್ನೊಂದು ಭಾರ ಎನ್ನಬೇಕೋ, ಅದೂ ನನಗೆ ತಿಳಿಯದು. ಮನುಷ್ಯನನ್ನು ಮನುಷ್ಯ ಹೊರುವಾಗ ನಡುವೆ ಗಳವಿಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಈ ಗೋರಿಗಳ ನಡುವೆ ಮಲಗಿದ್ದೇನೆ. ಮಳೆ ಬರುತ್ತದೆ, ಎಲೆ ಉದುರುತ್ತದೆ. ಹಗ್ಗದ ಕಚ್ಚುಗಳವರೆಗೆ ಗೆದ್ದಲು ಬಂದಿದೆ. ದಿಂಡಿಗವಾದರೂ ಮಣ್ಣಿಗೆ ಸೇರಲೇಬೇಕು. ಸ್ವಾಮಿಯ ಮೇಲೆ ನನಗೆ ದೂರಿಲ್ಲ. ಅವನು ನನ್ನನ್ನು ಕೊಡು ಎಂದು ಕೇಳಿರಲೇ ಇಲ್ಲ.